ಟವಲ್ಲಿನ ಕೆಳಗಿನ ಎರಡು ಬೆರಳು

ಮನುಷ್ಯನ ಆಯುಸ್ಸು ಮೇಲಿರುವವನ ಕೈಯಲ್ಲಿದೆ ಎಂದು ತಿಳಿದವರು ಹೇಳುತ್ತಾರೆ. ಇದ್ದರೂ ಇರಬಹುದು. ನನ್ನ ಆಯುಸ್ಸಿನ ಬಾಬತ್ತು ಮಾತ್ರ ಕೆಲವು ಕಾಲ ತೆರಕಣಾಂಬಿಯ ಒಬ್ಬ ದನದ ದಳ್ಳಾಳಿಯ ಟವಲ್ಲಿನ ಕೆಳಗಿತ್ತು.

ದಳ್ಳಾಳಿಯ ಹೆಸರು ರಂಗನಾಯಕ. ನನ್ನ ಹೆಂಡತಿ ಗೌರಮ್ಮನ ಅಣ್ಣ, ನನಗೆ ರಂಗಭಾವ. ಕೆಂಪು ಅಂಚಿನ ಬಿಳಿ ಟವಲ್ಲು ಅವರ ಎಡಹೆಗಲಿನಿಂದ ಇಳಿಯುತ್ತಿದ್ದುದು ಊಟಕ್ಕೆ ಕೂತಾಗ, ಇಲ್ಲವೇ ವ್ಯಾಪಾರಕ್ಕೆ ನಿಂತಾಗ. ಸಂತೆಯಲ್ಲಿ ಮಾರುವವನ ಕೈ, ಕೊಳ್ಳುವವನ ಕೈ ಎರಡನ್ನೂ ಅದು ಮುಚ್ಚುತ್ತಿತ್ತು. ಒಳಗೆ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಬೆಲೆ ಕುದುರಬೇಕು. ಸುತ್ತ ನಿಂತವರಿಗೆ ಬಟ್ಟೆಯೊಳಗೆ ಇಲಿ ಹೊಕ್ಕಂತೆ ಕಾಣುತ್ತಿತ್ತೇ ಹೊರತು ಏನೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲೇ ಮೆಲುಕು ಹಾಕುತ್ತಿದ್ದ ಎತ್ತಿಗಂತೂ ತಿಳಿಯುವ ಪ್ರಶ್ನೆಯೇ ಇರಲಿಲ್ಲ.

ಮೊದಲು ತೋರಿಸಿದ್ದನ್ನು ಅವರು ಯಾವತ್ತೂ ಒಪ್ಪಿದವರಲ್ಲ. "ಇನ್ನೇನದ?" ಎನ್ನುವುದು ಅವರ ಮಂತ್ರ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಪ್ಲೈಯರು ಇಡ್ಲಿ, ವಡೆ, ದೋಸೆ, ಪೂರಿ ಎಂದು ಒಪ್ಪಿಸುತ್ತಾ ಹೋದರೆ, ಪ್ರತಿಯೊಂದಕ್ಕೂ ತಲೆಯಾಡಿಸಿ "ಇನ್ನೇನದ?" ಎನ್ನುವರು. ಅವನು ಸೋತು "ಇನ್ನೇನೂ ಇಲ್ಲ ಯಜಮಾನ್ರೇ" ಎಂದ ಮೇಲೆ ಪರಮ ಗಾಂಭೀರ್ಯದಿಂದ "ಅಂಗಾರೆ ಇಡ್ಲಿ ಕೊಡು" ಎನ್ನುವರು. ಬರುವುದು ಇಡ್ಲಿಯೇ. ಆದರೆ ಬೇರೆಯದೆಲ್ಲವನ್ನೂ ಬಲ್ಲವನು ತಿಂದ ಇಡ್ಲಿ.

ನಾನು ಅಳಿಯನಾಗಿ ಆ ಮನೆಗೆ ಸೇರಿದ್ದೂ ಇದೇ ಪರೀಕ್ಷೆ ದಾಟಿ. ಹೆಣ್ಣು ನೋಡಲು ಹೋದವನು ನಾನು; ನೋಡಿಸಿಕೊಂಡವನೂ ನಾನೇ. "ಮೇಷ್ಟ್ರೇ, ಆ ತೆಂಗಿನ ಮರದ ಗಂಟ ಒಸಿ ನಡ್ಕಂಡ್ ಓಗಿ ಬನ್ನಿ, ಗಾಳಿ ಚಂದಾಗದ" ಎಂದರು. ಹೋಗಿ ಬಂದೆ. ಆಮೇಲೆ ಏನೋ ತಮಾಷೆ ಹೇಳಿದರು, ಮರ್ಯಾದೆಗೆಂದು ನಕ್ಕೆ. ಅವರು ಒಳಗೆ ಹೋಗಿ ತಂಗಿಗೆ ವರದಿ ಒಪ್ಪಿಸಿದ್ದು ನಡುಮನೆಗೂ ಕೇಳಿಸಿತು: "ನಡ್ಗ ಸರಿಯಾಗದ, ಹಲ್ಲೂ ಪೂರ್ತಿ ಅವ. ಸುಳಿ ಮಾತ್ರ ನೋಡಕಾಗ್ನಿಲ್ಲ ಕಣಮ್ಮಿ, ಕ್ರಾಪ್ ಬಾಚ್ಬುಟ್ಟವ್ರೆ." ಸುಳಿಯನ್ನು ಅವರು ಕೆಲವು ವರ್ಷಗಳ ನಂತರ ನಿರಾತಂಕವಾಗಿ ನೋಡಿದರು, ಅಷ್ಟರಲ್ಲಿ ಅಲ್ಲಿ ಕೂದಲಿನ ಅಡ್ಡಿ ಉಳಿದಿರಲಿಲ್ಲ.

ನಿವೃತ್ತನಾಗಿ ಹರದನಹಳ್ಳಿಯ ಮನೆಯಲ್ಲಿ ಪೇಪರು ಓದಿಕೊಂಡಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ನನ್ನ ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ, ಬಣ್ಣ ಮಾತ್ರ. ಬೀದಿಯವರೆಲ್ಲ ಸೇರಿ ಉಷ್ಣವೆಂದು ತೀರ್ಮಾನ ಕೊಟ್ಟರು. ನಮ್ಮ ಕಡೆ ಉಷ್ಣದ ಲೆಕ್ಕಕ್ಕೆ ಸೇರದ ಕಾಯಿಲೆ ಇನ್ನೂ ಹುಟ್ಟಬೇಕಷ್ಟೆ. ಎಳನೀರು ಬಂತು, ಬಾರ್ಲಿ ಗಂಜಿ ಬಂತು. ಕೊನೆಗೆ ತೆರಕಣಾಂಬಿ ಬಸ್ಸಿನಿಂದ ರಂಗಭಾವ ಹೆಗಲ ಮೇಲೆ ಬಾಳೆದಿಂಡಿನ ಹೊರೆ ಹೊತ್ತು ಇಳಿದರು.

"ಉಷ್ಣನೂ ಅಲ್ಲ ಎಂತದೂ ಅಲ್ಲ. ಕಲ್ಲು ಕಣ ಮೇಷ್ಟ್ರೇ! ದಿಂಡಿನ ರಸಕ್ಕ ಕರಗ್ದೆ ಇರೋ ಕಲ್ಲು ಯಾವ್ದದ?"

ಕುಡಿದೆ. ಬಣ್ಣ ತಿಳಿಯಾಯಿತು. ಭಾವ ಊರಿಗೆಲ್ಲ ಸುದ್ದಿ ಹಂಚಿದರು. ಸುದ್ದಿ ಗುಂಡ್ಲುಪೇಟೆ ಮುಟ್ಟುವ ಹೊತ್ತಿಗೆ ಬಣ್ಣ ಮತ್ತೆ ಕೆಂಪಾಗಿತ್ತು. ಗೌರಮ್ಮ ದಿಂಡಿನ ಹೊರೆಯನ್ನು ಹಸುವಿನ ಮುಂದೆ ಎಸೆದು, "ಅಣ್ಣಾ, ನಿನ್ ವೈದ್ಯ ಸಾಕು. ನಾಳ ಚಾಮ್ರಾಜ್‌ನಗರಕ್ಕ ಓಗಿ ಸ್ಕ್ಯಾನ್ ಮಾಡ್ಸನ" ಎಂದಳು. ಭಾವ ಒಪ್ಪಿದರು.

ಸ್ಕ್ಯಾನಿನಲ್ಲಿ ಕಲ್ಲು ಇರಲಿಲ್ಲ. ಗಂಟು ಇತ್ತು. ಮನೆಗೆ ಬಂದು, ಕನ್ನಡ ಮೇಷ್ಟರ ಅಭ್ಯಾಸದಂತೆ, "ಎಡ ಮೂತ್ರಪಿಂಡದಲ್ಲಿ ಗಂಟಿದೆಯಂತೆ" ಎಂದು ಶುದ್ಧವಾಗಿ ಹೇಳಿದೆ. ಭಾವ ಎದ್ದು ನಿಂತರು. "ಇನ್ನೂ ಉಸ್ರಾಡ್ತಾ ಕೂತಿವ್ರಿ, ಆಗ್ಲೇ ಪಿಂಡದ ಮಾತಾ? ಕಿಡ್ನಿ ಅನ್ನಿ!" ಅಂದಿನಿಂದ ನಮ್ಮ ಮನೆಯಲ್ಲಿ ಕನ್ನಡವನ್ನು ಅಷ್ಟರಮಟ್ಟಿಗೆ ಬಿಟ್ಟುಕೊಟ್ಟೆವು.

ಮೈಸೂರಿನ ಡಾಕ್ಟರು ಇನ್ನಷ್ಟು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಇರುವ ಸಂಭವವೇ ಹೆಚ್ಚು, ಎಡಗಿಡ್ನಿ ಪೂರ್ತಿ ತೆಗೆಯಬೇಕು, ಒಂದರಲ್ಲೇ ಆರಾಮಾಗಿ ಬದುಕಬಹುದು ಎಂದರು. ನಾನು "ಆಗಲಿ ಸಾರ್" ಎಂದೆ. ಜೀವಮಾನವೆಲ್ಲ ಮೇಲಿನಿಂದ ಬಂದ ಸುತ್ತೋಲೆಗೆ ಸಹಿ ಹಾಕಿ ರೂಢಿಯಾದವನು. ಇದೂ ಒಂದು ಸುತ್ತೋಲೆಯೆಂದುಕೊಂಡೆ. ಹಿಂದಿನಿಂದ ದನಿ ಬಂತು:

"ಇನ್ನೇನದ ಸಾಮಿ?"

ಡಾಕ್ಟರು ತಲೆಯೆತ್ತಿ ನೋಡಿದರು. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. "ಇನ್ನೊಂದು ದಾರಿ ಇದೆ. ಗಂಟನ್ನಷ್ಟೇ ಕತ್ತರಿಸಿ ಕಿಡ್ನಿ ಉಳಿಸೋದು. ನಾನು ಅದನ್ನ ಮಾಡಲ್ಲ, ಮಾಡೋರಿದ್ದಾರೆ. ಇವರಿಗೆ ಶುಗರ್ ಬೇರೆ ಇದೆ, ಕೇಳೋದು ಒಳ್ಳೇದೇ" ಎಂದು ಚೀಟಿ ಬರೆದುಕೊಟ್ಟರು.

ಎರಡನೆಯ ಡಾಕ್ಟರು ಹೆಂಗಸು, ಮಾತು ಕಡಿಮೆ. ಅಲ್ಲಿ ಕೂತ ಕೂಡಲೇ ಭಾವ, "ಮೇಷ್ಟ್ರೇ, ನೀವೊಸಿ ಆಚ್ಕ ಕೂತ್ಕಳಿ" ಎಂದರು. ಏಕೆಂದು ನನಗೆ ಅರ್ಥವಾಯಿತು, ಅದಕ್ಕೇ ಏಳಲಿಲ್ಲ. ಆಗ ಅವರು ಹೆಗಲಿನ ಟವಲ್ಲನ್ನು ಇಳಿಸಿ ಡಾಕ್ಟರ ಮೇಜಿನ ಮೇಲೆ ಹರಡಿದರು. ಕೆಳಗೆ ತಮ್ಮ ಕೈ ತೂರಿಸಿ, "ಕೈ ಕೊಡಿ ತಾಯಿ. ಬಾಯಲ್ಲಿ ಯೋಳ್ಬ್ಯಾಡಿ. ಒಂದ್ ಬೆಳ್ಳು ಇಡುದ್ರೆ ಮೇಷ್ಟ್ರು ಓದಂಗ, ಐದೂ ಇಡುದ್ರೆ ಉಳ್ದಂಗ" ಎಂದರು.

ಗೌರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನರ್ಸು ಗೋಡೆಗೆ ತಿರುಗಿ ನಿಂತಳು. ಡಾಕ್ಟರಮ್ಮ ನಗಲಿಲ್ಲ. ಏನಿದು ಎಂದು ಕೇಳಿ, ಸಂತೆಯ ಪದ್ಧತಿಯನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟವಲ್ಲನ್ನು ನೀಟಾಗಿ ಮಡಿಸಿ ವಾಪಸು ಕೊಟ್ಟರು.

"ಯಜಮಾನ್ರೇ, ಎತ್ತಿನ ವ್ಯಾಪಾರ ಎತ್ತಿಗೆ ಗೊತ್ತಾಗಬಾರದು, ಸರಿ. ಆದರೆ ಇಲ್ಲಿ ಎತ್ತೂ ಅವರೇ, ಕೊಳ್ಳೋರೂ ಅವರೇ. ಎಲ್ಲಾ ಅವರ ಎದುರಿಗೇ ಹೇಳ್ತೀನಿ."

ಭಾವ ಟವಲ್ಲನ್ನು ಹೆಗಲಿಗೆ ಏರಿಸಿ, "ಅಂಗಾರೆ ಬುಡುಸ್ಬುಡುಸಿ ಯೋಳಿ" ಎಂದರು.

ಡಾಕ್ಟರಮ್ಮ ಕಾಗದದ ಮೇಲೆ ಅವರೆಕಾಳಿನಂಥ ಚಿತ್ರ ಬರೆದು, ಅದರ ಕೆಳ ಅಂಚಿನಲ್ಲಿ ಒಂದು ದುಂಡನೆಯ ಗುರುತು ಇಟ್ಟರು. ಗಂಟು ಸಣ್ಣದು, ಅಂಚಿನಲ್ಲಿದೆ, ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿದ್ದು ಕಾಣುತ್ತಿಲ್ಲ. ಗಂಟನ್ನಷ್ಟೇ ತೆಗೆದರೆ ಉಳಿದ ಕಿಡ್ನಿ ಕೆಲಸಕ್ಕೆ ಬರುತ್ತದೆ. ಆದರೆ ರಕ್ತ ಹೆಚ್ಚು ಹೋಗಬಹುದು, ಕತ್ತರಿಸಿದ ಕಡೆ ಮೂತ್ರ ಸೋರಬಹುದು. ಪೂರ್ತಿ ತೆಗೆಯುವುದು ಸಲೀಸು. ಆದರೆ ಸಕ್ಕರೆ ಕಾಯಿಲೆಯವರು ಮುಂದೆ ಒಂದನ್ನೇ ನೆಚ್ಚಿಕೊಂಡಿರಬೇಕು.

"ಇನ್ನೇನದ?"

"ಆಪರೇಷನ್ ಮಾಡದೆ ಆಗಾಗ ಸ್ಕ್ಯಾನ್ ಮಾಡಿ ನೋಡ್ತಾ ಇರೋದು. ತುಂಬಾ ವಯಸ್ಸಾದವರಿಗೆ, ಶಕ್ತಿ ಇಲ್ಲದವರಿಗೆ ಹಾಗೆ ಮಾಡೋದುಂಟು. ಇವರಿಗೆ ನಾನು ಹೇಳಲ್ಲ, ಆಗಲೇ ರಕ್ತ ಹೋಗ್ತಿದೆ."

"ಕರೆಂಟು ಕೊಡದು, ಕೀಮೋ ಅಂತಾರಲ್ಲ ತಾಯಿ? ಕೂದ್ಲೆಲ್ಲ ಉದುರೋಯ್ತದಂತಲ್ಲ?" ಎಂದು ಗೌರಮ್ಮ ಅಳುದನಿಯಲ್ಲಿ ಕೇಳಿದಳು.

"ಅಳ್ಬ್ಯಾಡ ಕಣಮ್ಮಿ. ಉದ್ರಕ ಅಲ್ಲೇನದ?" ಎಂದರು ಭಾವ.

ಈ ಸಲ ಡಾಕ್ಟರಮ್ಮನಿಗೂ ನಗು ಬಂತು. ಈ ಜಾತಿಯ ಗಂಟಿಗೆ ಮಾಮೂಲಿ ಕೀಮೋ ಅಷ್ಟಾಗಿ ಹಿಡಿಯುವುದಿಲ್ಲ, ಹರಡಿದ್ದರೆ ಬೇರೆ ಔಷಧಿಗಳಿವೆ, ಸದ್ಯಕ್ಕೆ ಆ ಮಾತಿಲ್ಲ ಎಂದರು. ಭಾವ ಮತ್ತೂ "ಇನ್ನೇನದ?" ಎಂದರು. "ಇನ್ನೇನೂ ಇಲ್ಲ, ಇಷ್ಟೇ" ಎಂದರು ಡಾಕ್ಟರಮ್ಮ, ಥೇಟ್ ಗುಂಡ್ಲುಪೇಟೆಯ ಸಪ್ಲೈಯರಿನಂತೆ.

ಆಗ ರಂಗಭಾವ ನನ್ನ ಕಡೆ ತಿರುಗಿದರು. ಮದುವೆಯಾದಂದಿನಿಂದ ನನಗೆ ಬೇಕಾದ್ದನ್ನೆಲ್ಲ ಅವರೇ ಗೊತ್ತುಮಾಡಿದವರು. ನನ್ನ ಎಮ್ಮೆ, ನನ್ನ ಸೈಕಲ್ಲು, ನನ್ನ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂಬುದನ್ನೂ. "ಯೋಳಿ ಮೇಷ್ಟ್ರೇ, ನಿಮ್ಗ ಯಾವ್ದು?" ಎಂದು ಕೇಳಿ ಕೈಕಟ್ಟಿ ಕೂತರು.

ಈ ಸಲ ಏನನ್ನು ಒಪ್ಪುತ್ತಿದ್ದೇನೆಂದು ನನಗೆ ತಿಳಿದಿತ್ತು. ಗಂಟನ್ನಷ್ಟೇ ತೆಗೆಯಿರಿ ಎಂದೆ. ಒಳಗೆ ನೋಡಿದಾಗ ಸಾಧ್ಯವಾಗದಿದ್ದರೆ ಪೂರ್ತಿ ತೆಗೆಯಬೇಕಾಗುತ್ತದೆ, ಅದು ಎಚ್ಚರವಾದ ಮೇಲಷ್ಟೇ ನಿಮಗೆ ಗೊತ್ತಾಗುವುದು ಎಂದರು ಡಾಕ್ಟರಮ್ಮ. ಅದಕ್ಕೂ ಒಪ್ಪಿದೆ.

ಎಚ್ಚರವಾದಾಗ ಮೂಗಿಗೆ ಆಸ್ಪತ್ರೆಯ ವಾಸನೆ, ಬಾಯಿ ಒಣಗಿ ನಾಲಿಗೆ ಏಳುತ್ತಿರಲಿಲ್ಲ. ಕೇಳಬೇಕೆಂದಿದ್ದುದು ಒಂದೇ, ಕೇಳಲು ದನಿಯಿಲ್ಲ. ಯಾರೋ ನನ್ನ ಹೊದಿಕೆಯ ಕೆಳಗೆ ಕೈ ತೂರಿಸಿದರು. ಹಗ್ಗ ಹಿಡಿದು ದಡ್ಡುಗಟ್ಟಿದ ಒರಟು ಅಂಗೈ. ನನ್ನ ಬೆರಳುಗಳನ್ನು ಹುಡುಕಿ, ಎರಡನ್ನು ಬೇರೆ ಮಾಡಿ, ಗಟ್ಟಿಯಾಗಿ ಹಿಡಿಯಿತು. ಎರಡು. ಕಿಡ್ನಿ ಎರಡೂ ಇವೆ. ನನ್ನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. "ಯಾಕ್ ಅಳ್ತಿರಿ ಮೇಷ್ಟ್ರೇ, ವ್ಯಾಪಾರ ಕುದುರ್ತು" ಎಂದ ಭಾವನ ದನಿಯೂ ಸರಿಯಾಗಿರಲಿಲ್ಲ.

ತೆಗೆದ ಗಂಟು ಕ್ಯಾನ್ಸರೇ ಎಂದು ವರದಿ ಬಂತು. ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿಲ್ಲ, ಪೂರ್ತಿ ಬಂದಿದೆ ಎಂದೂ ಅದರಲ್ಲಿತ್ತು. ಅಲ್ಲಿಂದಾಚೆಗೆ ಪ್ರತಿ ಸ್ಕ್ಯಾನಿಗೂ ಭಾವ ತೆರಕಣಾಂಬಿಯಿಂದ ಬಂದು ಜೊತೆಯಾಗುತ್ತಿದ್ದರು. ಆಸ್ಪತ್ರೆಯಲ್ಲಿ ಕಾದು ಕೂತವರಿಗೆಲ್ಲ ಉಪದೇಶವೂ ನಡೆಯುತ್ತಿತ್ತು: "ಊಂ ಅನ್ನೋಕ್ ಮುಂಚ ಇನ್ನೇನದ ಅಂತ ಕೇಳ್ರಪ್ಪ. ಡಾಕ್ಟ್ರು ಕಚ್ಚಾದಿಲ್ಲ." ಬಾಳೆದಿಂಡಿನ ಮಾತನ್ನು ಮಾತ್ರ ಅವರೂ ಎತ್ತುತ್ತಿರಲಿಲ್ಲ, ನಾವೂ ನೆನಪಿಸುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ನಿಂತಿತು, ಮಾತು ನಿಂತಿತು. ತೆರಕಣಾಂಬಿಗೆ ಹೋದಾಗ ಹಜಾರದ ಮಂಚದ ಮೇಲೆ ಮಲಗಿದ್ದರು. ಟವಲ್ಲು ದಿಂಬಿನ ಪಕ್ಕದಲ್ಲಿತ್ತು. ನನ್ನನ್ನು ಕಂಡು ಎಡಗೈಯಿಂದ ಅದನ್ನು ಎಳೆಯಲು ನೋಡಿದರು. ನಾನೇ ಎತ್ತಿ ಇಬ್ಬರ ಕೈಮೇಲೂ ಹಾಕಿದೆ. ಕೆಳಗೆ ನನ್ನ ಎರಡು ಬೆರಳು ಹಿಡಿದು, ಹುಬ್ಬೇರಿಸಿ ನನ್ನ ಮುಖ ನೋಡಿದರು. ಎರಡೂ ಇವೆಯಾ ಎಂಬ ಪ್ರಶ್ನೆ. ಅವರ ಎರಡು ಬೆರಳನ್ನು ನಾನೂ ಹಿಡಿದೆ. ತಲೆಯಾಡಿಸಿ ಕಣ್ಣು ಮುಚ್ಚಿದರು. ಕೈ ಮಾತ್ರ ನಾನು ಏಳುವ ತನಕ ಬಿಡಲಿಲ್ಲ. ಮುಂದಿನ ವಾರ ತೀರಿಕೊಂಡರು.

ಈ ಸಲದ ಸ್ಕ್ಯಾನಿಗೆ ನಾನೂ ಗೌರಮ್ಮನೂ ಹೋಗಿ ಬಂದೆವು. ಗಂಟು ಮರಳಿಲ್ಲ. ಎರಡು ಕಿಡ್ನಿಯೂ ಕೆಲಸ ಮಾಡುತ್ತಿವೆ. ಎಡಗಡೆಯದು ಸ್ವಲ್ಪ ನಿಧಾನ.