ನಾಯಿಯ ಹಲ್ಲುಜ್ಜಿದ ಮೂರು ತಿಂಗಳು

ನಾಯಿಯ ಹಲ್ಲುಜ್ಜಲು ಕೂತವರಿಗೆ ಗೊತ್ತು, ಅದಕ್ಕೆ ಇರುವುದು ಒಂದು ನಾಲಿಗೆಯಲ್ಲ, ಹತ್ತು. ಬ್ರಷ್ ಎಲ್ಲಿಟ್ಟರೂ ಅಲ್ಲಿ ನಾಲಿಗೆ ಹಾಜರ್. ಅರ್ಧ ಪೇಸ್ಟು ಅದರ ಹೊಟ್ಟೆಗೆ, ಉಳಿದರ್ಧ ನನ್ನ ನೈಟಿಗೆ.

ಶೋಕಿಗೆ ಮಾಡಿದ ಕೆಲಸವಲ್ಲ. ಹತ್ತು ವರ್ಷದ ನಾಯಿ. ಬಾಯಿ ನಾತ ತಡೆಯಲಾಗದೆ ಚಿಂತಾಮಣಿಯ ಪಶುವೈದ್ಯರಿಗೆ ತೋರಿಸಿದಾಗ ಅವರು ಹೇಳಿದ್ದರು: "ವಸಡು ಹಾಳಾಗ್ತಿದೆ. ಹಲ್ಲು ಕೀಳ್ಬೇಕಾದ್ರೆ ಮತ್ತು ಬರೋ ಇಂಜೆಕ್ಷನ್ ಕೊಡ್ಬೇಕು. ಹಾರ್ಟ್ ವೀಕಿದೆ, ಮತ್ತೆ ಏಳುತ್ತೆ ಅಂತ ಹೇಳಕ್ಕಾಗಲ್ಲ. ಅದಕ್ಕೇ ದಿನಾ ಬ್ರಷ್ ಮಾಡಿ."

ನಾಯಿಯ ಪೇಸ್ಟಿಗೆ ಕೋಳಿ ಸಾರಿನ ವಾಸನೆ. ನಮ್ಮದು ಕೆಂಚಾರ್ಲಹಳ್ಳಿ ಕಡೆಯ ರೇಷ್ಮೆಹುಳು ಸಾಕುವ ಮನೆ. ಹುಳು ಇರುವಷ್ಟು ದಿನ ಊದುಬತ್ತಿಯನ್ನೂ ಹಚ್ಚದ ಅಮ್ಮ ಆ ಟ್ಯೂಬನ್ನು ಒಳಗೆ ಬಿಟ್ಟಾಳೆಯೇ? "ಹುಳಕ್ಕೆ ವಾಸ್ನೆ ತಗುಲುತ್ತೆ, ಆಚೆ ಹೋಗಮ್ಮ." ಸರಿ, ದಿನಾ ಸಂಜೆ ಹಿತ್ತಲ ನಲ್ಲಿಯ ಹತ್ತಿರ, ಸೊಳ್ಳೆಗಳ ನಡುವೆ, ನಾಯಿಯನ್ನು ಮಂಡಿಗಳ ಮಧ್ಯೆ ಅಮುಕಿ ಹಿಡಿದು ನಾನು. ಮೊದಲ ವಾರದಲ್ಲೇ ಎರಡು ಸಲ ಬೆರಳು ಕಚ್ಚಿತು. ಆಮೇಲೆ ಏನಾಯಿತೋ, ಬ್ರಷ್ ಕಂಡರೆ ತಾನೇ ಓಡಿ ಬರತೊಡಗಿತು. ಉಜ್ಜಿ ಬಿಟ್ಟೊಡನೆ ಮನೆಯೊಳಗೆ ದೌಡು. ನಾನು ಬ್ರಷ್ ತೊಳೆಯುತ್ತಾ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಮೂರು ತಿಂಗಳ ಮೇಲೆ ತೋರಿಸಲು ಹೋದೆವು. ವೈದ್ಯರು ತುಟಿ ಎತ್ತಿ ನೋಡಿ ಮುಖ ಗಂಟಿಕ್ಕಿದರು. "ಸಿಹಿ ಏನಾದ್ರೂ ಕೊಡ್ತೀರಾ?"

"ಛೆ, ಇಲ್ಲ ಸಾರ್," ಎಂದೆ.

ಪಕ್ಕದಲ್ಲಿದ್ದ ಅಮ್ಮ ಸೆರಗು ಸರಿಮಾಡಿಕೊಂಡಳು. "ಒಂದು ಚೂರು ಬೆಲ್ಲ ಕೊಡ್ತೀನಿ. ಇವ್ಳು ಉಜ್ಜಿ ಒಳಗೆ ಕಳಿಸಿದ್ಮೇಲೆ. ಬೇವಿನ ರಸ ಕುಡಿಸಿ ಮಕ್ಕಳಿಗೆ ಕೊಡಲ್ವಾ, ಹಂಗೆ."

ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಸಂಜೆಯೂ ತಪ್ಪಿಸದೆ ಉಜ್ಜಿದ ಹಲ್ಲಿಗೆ ರಾತ್ರಿಯಿಡೀ ಬೆಲ್ಲದ ಅಂಟು! ಅದು ಓಡಿ ಬರುತ್ತಿದ್ದುದೂ ನನಗಾಗಿ ಅಲ್ಲ, ಬೆಲ್ಲಕ್ಕಾಗಿ. "ಬುದ್ಧಿ ಇದೆಯಾ ನಿಂಗೆ? ಸಾಯಿಸ್ತಿದ್ದೀಯ ಅದನ್ನ," ಎಂದುಬಿಟ್ಟೆ, ವೈದ್ಯರ ಎದುರಿಗೇ.

ಕೀಳದೆ ಬೇರೆ ದಾರಿಯಿಲ್ಲ ಎಂದು ವೈದ್ಯರು ಒಪ್ಪಿಗೆಯ ಕಾಗದ ಮುಂದಿಟ್ಟರು. ಅಮ್ಮ ಪೆನ್ನಿಗೆ ಕೈಚಾಚಿದಳು. "ಕೊಡೇ, ನಾನು ಹಾಕ್ತೀನಿ. ಅದು ಏಳ್ಲಿಲ್ಲ ಅಂದ್ರೆ ನನ್ನ ತಲೆ ಮೇಲಿರ್ಲಿ." ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೂ ಅವಳಿಗೆ ಬೆನ್ನು ಮಾಡಿ ನಾನೇ ಸಹಿ ಹಾಕಿದೆ.

ಹೊರಗಿನ ಬೆಂಚಿನ ಎರಡು ತುದಿಗೆ ಇಬ್ಬರೂ ಕೂತಿದ್ದೆವು. ಕರೆದಾಗ ಒಳಗೆ ಹೋದೆವು. ಏಳು ಹಲ್ಲು ಒಂದು ಬಟ್ಟಲಲ್ಲಿದ್ದವು. ನಾಯಿ ಕಣ್ಣು ಬಿಟ್ಟಿತ್ತು, ನಮ್ಮನ್ನು ಕಂಡು ಬಾಲದ ತುದಿ ಅಲ್ಲಾಡಿಸಿತು. ನಾನು ತಲೆ ಸವರಿದೆ. ಅದು ಕತ್ತು ಹೊರಳಿಸಿ ಅಮ್ಮನ ಅಂಗೈ ಮೂಸಲು ಹೋಯಿತು. ಅಮ್ಮ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.