ಕಾಸಿಮೇಡಿನ ಚುಕ್ಕಿ ಮೀನು

ಅಪ್ಪ ತಮಿಳು ಸೀಮೆಯ ಸೌಕಾರ್‌ಪೇಟೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕಾಫಿ ಮಾಡುತ್ತಿದ್ದರು. ಕುಂದಾಪುರದ ಕಡೆಯ ಪುರೋಹಿತರ ಮನೆತನ, ಈರುಳ್ಳಿಯನ್ನೂ ಮುಟ್ಟದವರು. ಅಂಥವರಿಗೆ ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ನೋಡುವ ಹುಚ್ಚು. ಸೋಮವಾರ ಅವರಿಗೆ ರಜೆ. ಬೆಳಕು ಹರಿಯುವಾಗಲೇ ನನ್ನನ್ನು ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು ಬೆಸ್ತರ ದಡವಾದ ಕಾಸಿಮೇಡಿಗೆ ಹೊರಡುತ್ತಿದ್ದರು.

ಕಟ್ಟುಮರಗಳು ದಡ ಸೇರಿ ಹರಾಜಿನ ಕೂಗು ಏಳುವ ಹೊತ್ತಿಗೆ ಅಪ್ಪ ಪಂಚೆ ಎತ್ತಿ ಕಟ್ಟಿ ಒಂದೊಂದು ರಾಶಿಯ ಮುಂದೆಯೂ ಕುಕ್ಕರಗಾಲಲ್ಲಿ ಕೂರುತ್ತಿದ್ದರು. "ಕಾಣ್ ಮಗಾ, ಈ ನೀಲಿ ಇನ್ನೊಂದ್ ಗಳಿಗೆಗೆ ಹ್ವಾತ್ತ್. ಈಗ್ಳೇ ಕಾಣ್" ಎಂದು ಅವಸರಪಡಿಸುತ್ತಿದ್ದರು. ಒಂದನ್ನೂ ಕೊಳ್ಳದ ಈ ಗಿರಾಕಿಯನ್ನು ಕಂಡರೆ ಮೀನು ಮಾರುವ ಹೆಂಗಸರಿಗೆ ಪ್ರೀತಿ. "ಸಾಮಿ, ಇಂಗೆ ವಾಂಗೊ, ಪುದುಸು!" ಎಂದು ಹೊಸ ಜಾತಿಯ ಮೀನು ಬಂದಾಗ ಕರೆದು ತೋರಿಸುತ್ತಿದ್ದರು.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಸೋಮವಾರ ದಡದಲ್ಲಿ ಹರಾಜೇ ಇರಲಿಲ್ಲ. ಎಲ್ಲರೂ ನೀರಿನಂಚಿನಲ್ಲಿ ನಿಂತಿದ್ದರು. ಎಳೆಬಲೆಯೊಳಗೆ ಏನೋ ಸಿಕ್ಕಿಕೊಂಡಿತ್ತು. ಮೊದಲು ಮಗುಚಿದ ದೋಣಿ ಎಂದುಕೊಂಡೆ. ಆಮೇಲೆ ಆ ದೋಣಿ ಅಲುಗಿತು. ಕಪ್ಪು ಬೆನ್ನಿನ ಉದ್ದಕ್ಕೂ ಬಿಳಿ ಚುಕ್ಕಿಗಳು, ಸಾಲು ಹಿಡಿದು ಇಟ್ಟ ಹಾಗೆ.

"ಪಾವಂ ಸಾಮಿ, ಕಡಿಕ್ಕಾದು," ಎಂದ ಬಲೆಯ ಯಜಮಾನ. ಕಚ್ಚುವ ಮೀನಲ್ಲವಂತೆ. ಅದನ್ನು ಕಡಲಿಗೇ ಬಿಡಲು ಅವನು ಬಲೆ ಕೊಯ್ಯುತ್ತಿದ್ದ.

ಅಪ್ಪ ನನ್ನನ್ನು ಎತ್ತಿಕೊಂಡು ನೀರಿಗಿಳಿದರು. ನಾನು ಅವರ ಕುತ್ತಿಗೆ ಬಿಗಿಹಿಡಿದು "ಅಪ್ಪಾ, ಬಯಮಾ ಇರುಕ್ಕು!" ಎಂದು ಚೀರಿದೆ. ಹೆದರಿದರೆ ನನ್ನ ಬಾಯಿಗೆ ತಮಿಳೇ ಬರುತ್ತಿತ್ತು.

"ಹೆದ್ರ್‌ಬೇಡ. ಕೈ ಇಡ್."

ಇಟ್ಟೆ. ಮರಳುಕಾಗದದಂಥ ತೊಗಲು. ಅದರ ಅಡಿಯಲ್ಲಿ, ಬಹಳ ಒಳಗೆ, ಏನೋ ನಿಧಾನವಾಗಿ ಮಿಸುಕಿತು. ನಾನು ಅಳು ಮರೆತೆ.

ನನ್ನನ್ನು ಒಬ್ಬ ಅಜ್ಜಿಯ ಕೈಗೆ ಕೊಟ್ಟು ಅಪ್ಪ ಬೆಸ್ತರ ಜೊತೆ ಭುಜ ಕೊಟ್ಟರು. ಇಪ್ಪತ್ತು ಜನ ಏಲೇಲೋ ಎನ್ನುತ್ತ ತಳ್ಳಿದರು. ದೊಡ್ಡ ಅಲೆಯೊಂದು ಬಂದಾಗ ಅದು ಒಮ್ಮೆ ಬಾಲ ಬೀಸಿತು, ಅರ್ಧ ಜನ ನೀರಿಗೆ ಬಿದ್ದರು. ಎದ್ದು ನೋಡಿದರೆ ಮೀನಿಲ್ಲ. ಎದೆಮಟ್ಟದ ನೀರಿನಲ್ಲಿ ಅಪ್ಪ ಕೈಮುಗಿದು ನಿಂತಿದ್ದರು.

ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲೇ ತಡೆದು, ಬೀದಿ ನಲ್ಲಿಯ ಕೆಳಗೆ ಇಬ್ಬರಿಗೂ ತಲೆ ಮೇಲೆ ನೀರು ಸುರಿದಳು. ಬೈಯುತ್ತ ಬೈಯುತ್ತಲೇ, "ಎಷ್ಟ್ ದೊಡ್ಡದಿದ್ದಿತ್?" ಎಂದಳು.

ಅಪ್ಪ ಒದ್ದೆ ಪಂಚೆಯಲ್ಲೇ ಇದ್ದಲು ತಂದು ಓಣಿಯ ಕಲ್ಲುಹಾಸಿನ ಮೇಲೆ ಗೀಚತೊಡಗಿದರು. ನಮ್ಮ ಬಾಗಿಲಲ್ಲಿ ಮೂತಿ. ನಾಲ್ಕನೆಯ ಮನೆಯ ಬಾಗಿಲಲ್ಲಿ ಬಾಲ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಆ ತುದಿಯಿಂದ ಈ ತುದಿಗೆ ನಡೆದು ನೋಡಿದಳು. ಒಳಗೆ ಹೋಗಿ ರಂಗೋಲಿ ಬಟ್ಟಲು ತಂದಳು. "ಚುಕ್ಕಿ ಎಲ್ಲೆಲ್ಲ್ ಇದ್ದೋ? ಸಮಾ ಹೇಳಿ." ಅಪ್ಪ ಹೇಳಿದ ಕಡೆಯಲ್ಲೆಲ್ಲ ಅವಳ ಬೆರಳು ಬಿಳಿ ಚುಕ್ಕಿ ಇಟ್ಟಿತು. ಅಕ್ಕಪಕ್ಕದ ಮಾರವಾಡಿ ಹೆಂಗಸರು ಮಹಡಿಯಿಂದ ಬಗ್ಗಿ ನೋಡಿದರು. ಕೈಗಾಡಿಯವರು ಗಾಡಿ ನಿಲ್ಲಿಸಿ, ಚಕ್ರ ತಾಗದಂತೆ ಬದಿಗೆ ಸರಿದು ಹೋದರು.

ಅಪ್ಪ ತೀರಿಕೊಂಡದ್ದು ಅರವತ್ತರ ದಶಕದ ಕೊನೆಯಲ್ಲಿ. ಅದಕ್ಕೆ ಕೆಲವು ತಿಂಗಳ ಮುಂಚೆ, ಉಬ್ಬಸದಿಂದ ಮಲಗಿದ್ದ ಅವರಿಗೆ ನನ್ನ ಕಾಲೇಜಿನ ಪುಸ್ತಕ ತೋರಿಸಿದೆ. ವೇಲ್ ಶಾರ್ಕ್ ಎಂದು ಆ ಚುಕ್ಕಿ ಮೀನಿನ ಹೆಸರು, ಮೀನುಗಳಲ್ಲೆಲ್ಲ ದೊಡ್ಡದು, ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ ಪುಡಿಜೀವಿಗಳನ್ನು ಎಂದು ಓದಿ ಹೇಳಿದೆ.

ಅಪ್ಪ ದಿಂಬಿಗೆ ಕೈಯೂರಿ ಎದ್ದು ಕೂತರು. "ಅಷ್ಟ್ ದೊಡ್ಡದ್, ಅಷ್ಟ್ ಸಣ್ಣದನ್ನ್ ತಿಂದ್ ಬದುಕತ್ತಾ!"

ಇನ್ನೊಮ್ಮೆ ಓದಿಸಿದರು. ಆಮೇಲೆ ಅಮ್ಮನನ್ನು ಕೂಗಿ ಕರೆದು, ಅವಳಿಗಾಗಿ ಮತ್ತೊಮ್ಮೆ.