ಕೇಬಲ್ ಇಲ್ಲದ ಎಂಜಿನ್

ಕೋವಿಡ್ ಕಳೆದ ಮರುವರ್ಷ ನಾನು ಹೊನ್ನಾವರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯನಾಗಿದ್ದೆ. ಇಪ್ಪತ್ತು ವರ್ಷಗಳ ಅನುಭವವಿತ್ತು, ಅದರ ಜೊತೆ ಬರುವ ಜಂಬವೂ ಇತ್ತು.

ಒಂದು ಮಧ್ಯಾಹ್ನ ಮಾವಳ್ಳಿಯ ಬೋಟ್ ಚಾಲಕ ನಾಗೇಶ್ ಅವರನ್ನು ರಿಕ್ಷಾದಲ್ಲಿ ತಂದರು. ಹೆಂಡತಿ ಸುಶೀಲಾ ಜೊತೆ ಕುಮಟಾಕ್ಕೆ ನೆಂಟರ ಮನೆಗೆ ಹೊರಟವರು ಬಸ್ಸಿನಲ್ಲೇ ಕುಸಿದಿದ್ದರು. ನಾಡಿ ನಿಮಿಷಕ್ಕೆ ಮೂವತ್ತನಾಲ್ಕು, ಮೇಲಿನ ರಕ್ತದೊತ್ತಡ ಎಪ್ಪತ್ತು. ಎದೆಯ ನಡುವೆ ಉದ್ದನೆಯ ಹೊಲಿಗೆಯ ಗುರುತು. ಕೇಳಿದ್ದಕ್ಕೆ ಸುಶೀಲಾ, ಹಾರ್ಟಿನ ಆಪರೇಶನ್ ಆಗಿದೆ, ಫೈಲು ಮನೆಯಲ್ಲಿದೆ ಎಂದರು. ನಮ್ಮ ಕಡೆ ಸ್ಟೆಂಟ್ ಹಾಕಿದರೂ ಹಾರ್ಟಿನ ಆಪರೇಶನ್ನೇ, ಬೈಪಾಸ್ ಆದರೂ ಅದೇ. ಗುರುತು ನೋಡಿ ನಾನು ಬೈಪಾಸ್ ಎಂದುಕೊಂಡೆ.

ನಾಡಿ ಇಷ್ಟು ನಿಧಾನವಾದಾಗ ಮೊದಲು ಕೊಡುವ ಮದ್ದು ಆಟ್ರೋಪಿನ್. ಒಂದು ಇಂಜೆಕ್ಷನ್ ಕೊಟ್ಟೆ. ಮಾನಿಟರಿನ ಅಂಕಿ ಕದಲಲಿಲ್ಲ. ಇನ್ನೊಂದು ಕೊಟ್ಟೆ. ಮೂವತ್ತೆರಡಕ್ಕೆ ಇಳಿಯಿತು. ನಾಗೇಶ್ ಅವರ ಕಣ್ಣುಗುಡ್ಡೆ ಮೇಲಕ್ಕೆ ಹೊರಳತೊಡಗಿತು. ಮನುಷ್ಯ ಕೈತಪ್ಪಿ ಹೋಗುತ್ತಿದ್ದಾನೆ ಎಂದು ನನಗೆ ಹೆದರಿಕೆ ಹತ್ತಿತು. ಮೂರನೆಯದಕ್ಕೆ ಸಿಸ್ಟರ್ ಕಡೆ ಕೈ ಚಾಚಿದೆ.

ಪರದೆಯ ಆಚೆ ನಿಲ್ಲಿಸಿದ್ದ ಸುಶೀಲಾ ಒಳಗೇ ಬಂದರು.

"ಡಾಕ್ಟ್ರೇ, ಎಂತ ಕೊಡ್ತಾ ಇದ್ರಿ? ಅದು ಇವ್ರ ಹಾರ್ಟ್ ಅಲ್ಲ, ಬೇರೆಯವ್ರದ್ದು ಹಾಕಿದ್ದು. ಕೇಬಲ್ ಇಲ್ದ ಎಂಜಿನ್ ಅಂತ ಇವ್ರೇ ಹೇಳೂದು."

ನಾಚಿಕೆಯಿಂದ ಚಾಚಿದ ಕೈ ಹಿಂದಕ್ಕೆ ತೆಗೆದೆ. ಹೃದಯ ಕಸಿ ಮಾಡುವಾಗ ಅದಕ್ಕೆ ಬರುವ ನರಗಳು ತುಂಡಾಗುತ್ತವೆ. ಅದರಲ್ಲೊಂದರ ಹೆಸರು ವೇಗಸ್, ಕೆಲಸ ಮಾತ್ರ ವೇಗ ತಗ್ಗಿಸುವುದು. ಅದನ್ನು ತಡೆದೇ ಆಟ್ರೋಪಿನ್ ನಾಡಿ ಏರಿಸುತ್ತದೆ. ಇಲ್ಲಿ ಆ ನರದ ಸಂಪರ್ಕವೇ ಇಲ್ಲ. ಬೋಟಿನ ವೇಗ ಏರಿಸಿ ಇಳಿಸುವ ಕೇಬಲ್ ಕಡಿದರೆ ಚಾಲಕ ಕೂತಲ್ಲಿಂದ ಎಷ್ಟು ಎಳೆದರೂ ಆಗದು, ಎಂಜಿನ್ನಿಗೇ ಕೈ ಹಾಕಬೇಕು. ಹೃದಯಕ್ಕೆ ನೇರವಾಗಿ ತಾಗುವ ಅಡ್ರಿನಲಿನ್ ಡ್ರಿಪ್ ಆರಂಭಿಸಿದೆ, ಅದೂ ಅತಿ ಸಣ್ಣ ಪ್ರಮಾಣದಲ್ಲಿ. ನರ ಕಳೆದುಕೊಂಡ ಹೃದಯ ಅದಕ್ಕೆ ಮೈಮೇಲೆ ಬಂದಂತೆ ಓಡಿಬಿಡಬಹುದು.

ನಲವತ್ತು. ಐವತ್ತೆರಡು. ಆರನೇ ನಿಮಿಷಕ್ಕೆ ಎಪ್ಪತ್ತು. ನಾಗೇಶ್ ನೀರು ಕೇಳಿದರು. ಮಂಗಳೂರಿನವರೆಗೆ ಆಂಬುಲೆನ್ಸಿನಲ್ಲಿ ನಾನೇ ಕೂತು ಹೋದೆ. ಅಲ್ಲಿ ಪೇಸ್‌ಮೇಕರ್ ಹಾಕಿದರು.

ಎರಡು ತಿಂಗಳ ಬಳಿಕ ಇಬ್ಬರೂ ನೋಡಲು ಬಂದರು. ಆವತ್ತು ಹೆದರಿಕೆ ಆಗಲಿಲ್ಲವೇ ಎಂದು ನಾಗೇಶ್ ಅವರನ್ನು ಕೇಳಿದೆ. ಉತ್ತರಿಸಿದ್ದು ಸುಶೀಲಾ.

"ಇವ್ರ ಹಾರ್ಟಿಗೆ ಹೆದ್ರಿಕೆ ಹೋಗಿ ಮುಟ್ಟೂಕೆ ಹೊತ್ತು ಬೇಕು. ಆವತ್ತು ಹೊಡ್ಕೊಂಡದ್ದು ನಂದೊಂದೇ."

ನನ್ನದೂ ಹೊಡೆದುಕೊಂಡಿತ್ತು. ಅಂದಿನಿಂದ, ಯಾವ ಆಪರೇಶನ್ ಎಂದು ಬಿಡಿಸಿ ಕೇಳದೆ ನಾನು ಸಿರಿಂಜ್ ಎತ್ತಿಲ್ಲ. ಮನೆಯವರನ್ನು ಪರದೆಯ ಆಚೆ ನಿಲ್ಲಿಸಿಯೂ ಇಲ್ಲ.